ಹೆಸರು ಬರೆದ ತಟ್ಟೆ ತರತಕ್ಕದ್ದು

ನಮ್ಮ ಕಡೆ ಯಾರೂ ತಮ್ಮ ಹೆಸರಿನ ತಟ್ಟೆಯಲ್ಲಿ ಉಣ್ಣುವುದಿಲ್ಲ. ನಂಬಿಕೆ ಬರದಿದ್ದರೆ ಎದ್ದು ಹೋಗಿ ನಿಮ್ಮ ಅಡುಗೆಮನೆಯ ಸ್ಟ್ಯಾಂಡಿನಿಂದ ಒಂದು ಸ್ಟೀಲ್ ತಟ್ಟೆ ತೆಗೆದು ಅಂಚು ನೋಡಿ. ಅಲ್ಲಿ ಚುಕ್ಕಿ ಚುಕ್ಕಿ ಅಕ್ಷರಗಳಲ್ಲಿ ನಿಮ್ಮ ಸೋದರಮಾವನ ಹೆಸರೋ, ಯಾವ ಕಾಲದಲ್ಲೋ ವರ್ಗವಾಗಿ ಹೋದ ಪಕ್ಕದ ಮನೆಯ ಪೋಸ್ಟ್ ಮಾಸ್ತರರ ಹೆಸರೋ ಇರುತ್ತದೆ. ಮದುವೆಗೆ, ಗೃಹಪ್ರವೇಶಕ್ಕೆ ಮುಯ್ಯಿ ಮಾಡುವವರು ಪಾತ್ರೆಯ ಮೇಲೆ ಕೊಡುವವರ ಹೆಸರು ಹಾಕಿಸುತ್ತಾರೆಯೇ ಹೊರತು ತೆಗೆದುಕೊಳ್ಳುವವರದ್ದನ್ನಲ್ಲ. ಹೀಗಾಗಿ ನಾವೆಲ್ಲ ಇನ್ನೊಬ್ಬರ ಹೆಸರಿನಲ್ಲಿ ಉಂಡು, ಇನ್ನೊಬ್ಬರ ಹೆಸರಿನಲ್ಲಿ ನೀರು ಕುಡಿದು, ನಮ್ಮ ಹೆಸರನ್ನು ಇನ್ನೊಬ್ಬರ ಮನೆಯ ಬಚ್ಚಲಲ್ಲಿ ತಿಕ್ಕಿಸಿಕೊಳ್ಳುತ್ತಾ ಸುಖವಾಗಿದ್ದೇವೆ.

ಇದನ್ನು ನಾನು ಹೀಗೆ ಗಟ್ಟಿಯಾಗಿ ಹೇಳಲು ಕಾರಣವಿದೆ. ಹೊನ್ನಾಳಿಯಲ್ಲಿ ನಮ್ಮದೊಂದು ಪಾತ್ರೆ ಅಂಗಡಿ. ವ್ಯಾಪಾರ ನಮ್ಮ ಯಜಮಾನರದ್ದು, ಹೆಸರು ಹಾಕುವ ಮೆಷಿನ್ ನನ್ನದು. ಪೆನ್ನಿನ ಹಾಗೆ ಹಿಡಿಯುವ, ಸ್ವಿಚ್ ಹಾಕಿದರೆ ಗುರ್ರೆನ್ನುವ ಆ ಪುಟ್ಟ ಯಂತ್ರವನ್ನು ಇಪ್ಪತ್ತು ವರ್ಷಗಳಿಂದ ಹಿಡಿದಿದ್ದೇನೆ. ಗಿರಾಕಿ ಚೀಟಿಯಲ್ಲಿ ಹೆಸರು ಬರೆದುಕೊಡುತ್ತಾರೆ, ನಾನು ನೋಡಿಕೊಂಡು ಬರೆಯುತ್ತೇನೆ. ಮದುವೆ ಸೀಸನ್ನಿನಲ್ಲಿ ದಿನವಿಡೀ ಎಷ್ಟು ಬರೆಯುತ್ತೇನೆಂದರೆ, ಸಂಜೆ ಚಹಾದ ಲೋಟ ಹಿಡಿದಾಗಲೂ ಬೆರಳು ಜುಮ್ಮೆನ್ನುತ್ತಿರುತ್ತದೆ. ಯಾರ ಹೆಸರು ಬರೆದೆ ಎಂದು ಕೇಳಿದರೆ ಒಂದೂ ನೆನಪಿರುವುದಿಲ್ಲ. ಅದೆಲ್ಲ ಕೈಗೆ ಗೊತ್ತು, ತಲೆಗೆ ಗೊತ್ತಿಲ್ಲ.

ಈ ಪುರಾಣವೆಲ್ಲ ಈಗ ಯಾಕೆ ಬಂತೆಂದರೆ, ಒಂದು ಕರಪತ್ರದಿಂದ.

ಏಪ್ರಿಲ್ ತಿಂಗಳಲ್ಲಿ ಪೇಪರ್ ಬಿಡಿಸುವುದೇ ತಡ, ಮಡಿಕೆಯೊಳಗಿಂದ ಬಣ್ಣಬಣ್ಣದ ಕಾಗದಗಳು ಜಾರಿ ಬೀಳುತ್ತವೆ. ಮುಂಚೆ ಸೀರೆ ರಿಯಾಯಿತಿ, ಬೋರ್‌ವೆಲ್, ಮೂಲವ್ಯಾಧಿ ಇಷ್ಟೇ ಇರುತ್ತಿದ್ದವು. ಈಗ ಬೇಸಿಗೆ ಶಿಬಿರಗಳದ್ದೇ ಕಾರುಬಾರು. ಈ ವರ್ಷ ಅಲ್ಲಿ ಇಲ್ಲಿ ಸೇರಿ ನಾಲ್ಕು ಕರಪತ್ರಗಳು ಕೈಗೆ ಬಂದವು. ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೆ ಕೆಲಸವಿಲ್ಲದೆ ಕೂತಿದ್ದ ಹಳೆಯ ತೂಕದ ಕಲ್ಲುಗಳನ್ನು ಒಂದೊಂದರ ಮೇಲೂ ಇಟ್ಟು, ನಾಲ್ಕನ್ನೂ ಅಂಗಡಿಯ ಗಾಜಿನ ಮೇಜಿನ ಮೇಲೆ ಸಾಲಾಗಿ ಜೋಡಿಸಿದೆ. ನಮ್ಮ ಮಗಳು ಸಿಂಚನಾಳನ್ನು ಈ ಸಲ ಎಲ್ಲಿಗಾದರೂ ಕಳಿಸಲೇಬೇಕೆಂದು ತೀರ್ಮಾನವಾಗಿತ್ತು.

ಸಿಂಚನಾಳಿಗೆ ಹನ್ನೆರಡು ವರ್ಷ. ಮನೆಯೊಳಗೆ ಅವಳ ಬಾಯಿಗೆ ಬಿಡುವಿಲ್ಲ. ಹೊಸಿಲು ದಾಟಿದರೆ ಆ ಹುಡುಗಿ ಬೇರೆಯೇ. ಅಂಗಡಿಗೆ ಬಂದವರು ಪ್ರೀತಿಯಿಂದ "ಏನಮ್ಮ ನಿನ್ನ ಹೆಸರು?" ಎಂದು ಕೇಳಿದರೆ ಸಾಕು, ಕೊಳಗಗಳ ಹಿಂದೆ ಸರಿದು ನನ್ನ ಮುಖ ನೋಡುತ್ತಾಳೆ. ನಾನು "ಸಿಂಚನ ಅಂತ ರೀ" ಅನ್ನುತ್ತೇನೆ. ಹನ್ನೆರಡು ವರ್ಷದಿಂದ ಅವಳ ಹೆಸರನ್ನು ನಾನೇ ಹೇಳಿಕೊಂಡು ಬಂದಿದ್ದೇನೆ. ಅದರಲ್ಲೇನೋ ತಪ್ಪಿದೆ ಎಂದು ನನಗೆ ಅನ್ನಿಸಿರಲಿಲ್ಲ. ಮಾರ್ಚ್ ತಿಂಗಳಲ್ಲಿ ಅವಳ ಕ್ಲಾಸ್ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದು, "ಓದಾಕೆ ಚೆನ್ನಾಗಿ ಓದ್ತಾಳೆ ರೀ. ಆದ್ರೆ ಎದ್ದು ನಿಂತು ಹೆಸರು ಹೇಳಮ್ಮ ಅಂದ್ರೆ ಕಣ್ಣಾಗೆ ನೀರು ತುಂಬ್ತೈತೆ. ಹಿಂಗೇ ಬಿಟ್ರೆ ಮುಂದೆ ಕಷ್ಟ ಆಗ್ತೈತೆ ನೋಡ್ರಿ" ಅಂದರು. ಆ ಮಾತು ಎದೆಯಲ್ಲಿ ಕೂತುಬಿಟ್ಟಿತು.

ಸರಿ, ನಾಲ್ಕು ಶಿಬಿರ. ಮೊದಲನೆಯದು ಚನ್ನಗಿರಿಯದು. ಅಬಾಕಸ್, ಸ್ಪೋಕನ್ ಇಂಗ್ಲಿಷ್, ಕೈಬರಹ ಸುಧಾರಣೆ, ನೆನಪಿನ ಶಕ್ತಿ. ಕರಪತ್ರದ ತುಂಬ ಕೋಟು ಹಾಕಿದ ಮಕ್ಕಳ ಫೋಟೋ. ಎರಡನೆಯದು ನನ್ನ ತವರು ಜಗಳೂರಿನದು. ಕಬಡ್ಡಿ, ಖೊಖೊ, ಮಲ್ಲಕಂಬ. ಇದನ್ನು ಕಳಿಸಿದವನು ನನ್ನ ತಮ್ಮ. ಅವನ ಮನೆಯಲ್ಲೇ ಉಳಿದುಕೊಂಡು ಹೋಗಿಬರಬಹುದೆಂದು ಫೋನೂ ಮಾಡಿದ್ದ. ಮೂರನೆಯದು ನಮ್ಮ ಹೊನ್ನಾಳಿಯದೇ. ಚಿತ್ರಕಲೆ, ಮಣ್ಣಿನ ಆಟಿಕೆ, ರಂಗಗೀತೆ, ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ. ಜಾಗ ಎಷ್ಟು ಹತ್ತಿರವೆಂದರೆ, ಅಂಗಡಿಯ ಮೆಟ್ಟಿಲ ಮೇಲೆ ನಿಂತರೆ ಅಲ್ಲಿಯ ಗೇಟು ಕಾಣುತ್ತದೆ. ನಾಲ್ಕನೆಯದು ನ್ಯಾಮತಿ ದಾಟಿ ಸವಳಂಗದ ಹತ್ತಿರ, ಯಾರದೋ ತೋಟದ ಶಾಲೆಯಲ್ಲಿ. ಎಂಟು ದಿನ ಅಲ್ಲೇ ವಾಸ. ಗಿಡಮರ ಗುರುತಿಸುವುದು, ಹಕ್ಕಿ ನೋಡುವುದು, ಟೆಂಟ್ ಕಟ್ಟುವುದು, ತಮ್ಮ ಅಡುಗೆ ತಾವೇ ಮಾಡುವುದು, ಕೊನೆಯ ದಿನ ಕೆರೆಗೆ ಕಾಲ್ನಡಿಗೆ.

"ಚನ್ನಗಿರಿಗೆ ಹಾಕಾನ. ಅಬಾಕಸ್ ಕಲಿತ್ರೆ ಬುದ್ಧಿ ಚುರುಕಾಗ್ತೈತೆ" ಎಂದರು ನಮ್ಮವರು.

"ಅವಳ ಬುದ್ಧಿ ಚುರುಕಾಗೇ ಐತೆ ರೀ. ಚುರುಕಾಗಬೇಕಿರೋದು ಬಾಯಿ."

"ಹಂಗಾದ್ರೆ ನಿನ್ನ ಜೊತೆ ನಾಕು ದಿನ ಗಲ್ಲಾದ ಮುಂದೆ ಕೂರ್ಸು, ಸಾಕು" ಎಂದು ನಕ್ಕರು.

ನನ್ನ ಮನಸ್ಸು ಹೊನ್ನಾಳಿಯ ಶಿಬಿರದ ಮೇಲಿತ್ತು. ಕಲೆಯ ಮೇಲಿನ ಪ್ರೀತಿಯಿಂದಲ್ಲ, ಗೇಟು ಕಾಣುತ್ತದಲ್ಲ ಅದಕ್ಕೆ. ಆದರೆ ಮಗಳು ಯಾರನ್ನೂ ಕೇಳದೆ ನಾಲ್ಕನೆಯ ಕರಪತ್ರದ ಮೇಲಿನ ಕಲ್ಲನ್ನು ಎತ್ತಿಟ್ಟು, ಅದನ್ನು ನನ್ನ ಮುಂದೆ ಹಿಡಿದಳು.

"ಅಮ್ಮಾ, ನಾನು ಇದಕ್ಕೆ ಹೋಗ್ತೀನಿ. ನೀನು ಹೋಗಿದ್ದಂಥದ್ದೇ ಐತೆ ಇದು. ಕೊನೇ ದಿನ ಕೆರೆನೂ ಐತೆ."

ಕರಪತ್ರದ ಕೆಳಗೆ ದಪ್ಪಕ್ಷರದಲ್ಲಿ ಹೀಗಿತ್ತು: "ಶಿಬಿರಾರ್ಥಿಗಳು ಹೆಸರು ಬರೆದ ಒಂದು ತಟ್ಟೆ ಹಾಗೂ ಒಂದು ಲೋಟ ತರತಕ್ಕದ್ದು." ತನ್ನಿ ಎಂದಿದ್ದರೆ ಮರೆತು ಹೋದರೂ ನಡೆದೀತು. ತರತಕ್ಕದ್ದು ಎಂದ ಮೇಲೆ ಅಂಗಿ ಬಿಟ್ಟು ಹೋದರೂ ತಟ್ಟೆ ಬಿಟ್ಟು ಹೋಗುವಂತಿಲ್ಲ. ಆ ಒಂದು ಸಾಲು ನನ್ನನ್ನು ಏಳನೇ ಕ್ಲಾಸಿಗೆ ಕರೆದುಕೊಂಡು ಹೋಯಿತು.

ಬರದ ಸೀಮೆ ಜಗಳೂರಿನಲ್ಲಿ ನಮಗೆ ಗಂಗಮ್ಮ ಟೀಚರ್ ಎಂದು ಒಬ್ಬರಿದ್ದರು. ಕೈಯಲ್ಲಿ ಸದಾ ಒಂದು ಕೊಡೆ, ಬಿಸಿಲಿಗೂ ಅದೇ, ನಮ್ಮ ಬೆನ್ನಿಗೂ ಅದೇ. ಅವರಿಗೆ ಇದ್ದಕ್ಕಿದ್ದಂತೆ ನಮ್ಮನ್ನು ಶಿಬಿರಕ್ಕೆ ಕರೆದೊಯ್ಯುವ ಹುಕಿ ಬಂತು. "ಕೆರೆ ಅಂದ್ರೆ ಏನಂತ ನೋಡ್ಬೇಕು ಕಣ್ರೇ ನೀವು. ಬಗ್ಗಿ, ನೀರು ಐತೋ ಇಲ್ವೋ ಅಂತ ಹುಡುಕೋದಲ್ಲ ಕೆರೆ ಅಂದ್ರೆ" ಎಂದು ಎಂಟು ಜನ ಹುಡುಗಿಯರನ್ನು ಆರಿಸಿ, ಸೂಳೆಕೆರೆಯ ಪಕ್ಕದ ಕೆರೆಬಿಳಚಿಯ ಒಂದು ಶಾಲೆಯಲ್ಲಿ ನಡೆಯುತ್ತಿದ್ದ ಶಿಬಿರಕ್ಕೆ ಹೊರಡಿಸಿದರು. ಎಂಟು ಜನರಲ್ಲಿ ನಾನೂ, ನನ್ನ ಜೀವದ ಗೆಳತಿ ನಾಗರತ್ನಳೂ ಇದ್ದೆವು. ಆಗಲೂ ಅದೇ ಅಪ್ಪಣೆ, ಹೆಸರು ಬರೆದ ತಟ್ಟೆ ತರಬೇಕು.

ನಮ್ಮ ಮನೆಯಲ್ಲಿ ಹೆಸರು ಬರೆದ ತಟ್ಟೆಗೆ ಬರವಿರಲಿಲ್ಲ. ಅವ್ವ ಕೈಗೆ ಸಿಕ್ಕ ಒಂದನ್ನು ತೊಳೆದು ಚೀಲಕ್ಕೆ ಹಾಕಿದರು. ಅದರ ಮೇಲೆ ಯಾರ ಹೆಸರಿದೆ ಎಂದು ಅವ್ವನೂ ನೋಡಲಿಲ್ಲ, ನಾನೂ ನೋಡಲಿಲ್ಲ. ದಿನವೂ ಉಣ್ಣುವ ತಟ್ಟೆಯನ್ನು ಯಾರು ಓದುತ್ತಾರೆ?

ಓದುವವರು ಒಬ್ಬರಿದ್ದರು. ಶಿಬಿರದ ಮೇಷ್ಟ್ರು. ಕೊರಳಲ್ಲಿ ಸೀಟಿ, ಕಾಲಿಗೆ ಕ್ಯಾನ್ವಾಸ್ ಬೂಟು. ಮೊದಲ ದಿನದ ಊಟಕ್ಕೆ ಮುಂಚೆ ಜೋಡಿಸಿಟ್ಟ ತಟ್ಟೆಗಳನ್ನು ಒಂದೊಂದಾಗಿ ಎತ್ತಿ, ಹೆಸರು ಕೂಗಿ ಹಂಚತೊಡಗಿದರು. ನನ್ನ ತಟ್ಟೆ ಎತ್ತಿದವರು ಒಂದು ಕ್ಷಣ ತಡೆದು, ಕನ್ನಡಕ ಸರಿ ಮಾಡಿಕೊಂಡು, ಗಟ್ಟಿಯಾಗಿ ಓದಿದರು: "ರುದ್ರಪ್ಪ ಮತ್ತು ಮಕ್ಕಳು, ಜಗಳೂರು!"

ಅಪ್ಪ ಅವ್ವನ ಮದುವೆಗೆ ಮುಯ್ಯಿ ಮಾಡಿದ ಬಟ್ಟೆ ಅಂಗಡಿಯವರು ಅವರು. ಎರಡು ಜಡೆಯ ನಾನು ಎದ್ದು ನಿಂತೆ. ಮೇಷ್ಟ್ರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಾರಪ್ಪಾ ರುದ್ರಪ್ಪ. ನೀನೇನೋ ಬಂದೆ, ಮಕ್ಕಳೆಲ್ಲಿ?" ಎಂದರು. ಇಡೀ ಪಡಸಾಲೆ ನಕ್ಕಿತು. ನನ್ನ ಹೆಸರು ಗಿರಿಜಾ ಎಂದು ಹೇಳಲು ಬಾಯಿ ತೆರೆದೆ, ದನಿ ಬರಲಿಲ್ಲ. ಅಲ್ಲಿಂದ ಮುಂದೆ ನಾನು ರುದ್ರಪ್ಪನೇ ಆದೆ. ಖೊಖೊ ಆಡುವಾಗ "ರುದ್ರಪ್ಪನ್ನ ಹಿಡಿರೇ!" ಸ್ನಾನಕ್ಕೆ ಸಾಲು ನಿಂತಾಗ "ರುದ್ರಪ್ಪ, ಮಕ್ಕಳಿಗೆ ನೀರು ಹಾಕಿದ್ಯಾ?" ನಾಗರತ್ನ ಕೂಡ ನಕ್ಕದ್ದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು.

ಹಾಗೆಂದು ಅಲ್ಲಿ ಕಲಿತದ್ದು ಕಡಿಮೆಯೇನಲ್ಲ. ಎಷ್ಟು ಜಗ್ಗಿದರೂ ಬಿಚ್ಚದ, ಬೇಕಾದಾಗ ಒಂದೇ ಎಳೆತಕ್ಕೆ ಬಿಚ್ಚುವ ಒಂದು ಗಂಟನ್ನು ಎರಡನೆಯ ದಿನ ಕಲಿಸಿದರು. ಇವತ್ತಿಗೂ ಪಾತ್ರೆಗಳ ಕಟ್ಟಿಗೆ ನಾನು ಹಾಕುವುದು ಅದೇ ಗಂಟು. ಗಿರಾಕಿಗಳು ಮನೆಯಲ್ಲಿ ಕತ್ತರಿ ಹುಡುಕುತ್ತಾರಂತೆ, ಪಾಪ.

ಮಗಳು ಚಿಕ್ಕವಳಿದ್ದಾಗಿನಿಂದ ಈ ಕಥೆಗಳನ್ನೆಲ್ಲ ಅವಳಿಗೆ ತುತ್ತಿನ ಜೊತೆ ತಿನ್ನಿಸಿದ್ದೇನೆ. ಅವಳಿಗೆ ಅತಿ ಇಷ್ಟವಾದದ್ದು ಕೊನೆಯ ದಿನದ ಕಥೆ. ಎಂಟನೆಯ ದಿನ ಮಕ್ಕಳನ್ನೆಲ್ಲ ತೆಪ್ಪದಲ್ಲಿ ಕೂರಿಸಿ ಸೂಳೆಕೆರೆಯ ಮೇಲೆ ಕರೆದುಕೊಂಡು ಹೋದದ್ದು, ದಡ ದೂರವಾದ ಮೇಲೆ ತೆಪ್ಪದವನು ಹುಟ್ಟು ಹಾಕುವುದನ್ನು ನಿಲ್ಲಿಸಿ "ಎಲ್ಲಾರೂ ಸುಮ್ನಿರ್ರಿ, ನೀರಿನ ಮಾತು ಕೇಳ್ರಿ" ಅಂದದ್ದು, ನೀರಿಗೆ ಕೈ ಇಳಿಬಿಟ್ಟಾಗ ಒಂದು ಮೀನು ಬಂದು ಬೆರಳಿಗೆ ಮುತ್ತಿಟ್ಟು ಹೋದದ್ದು. "ಹೆಂಗಿತ್ತಮ್ಮ ಮೀನಿನ ಬಾಯಿ?" ಎಂದು ಅವಳು ಎಷ್ಟು ಸಲ ಕೇಳಿದ್ದಾಳೋ. "ತಣ್ಣಗೆ, ಮೆತ್ತಗೆ" ಎಂದು ನಾನು ಅಷ್ಟೇ ಸಲ ಹೇಳಿದ್ದೇನೆ.

ಆ ಮೀನಿನ ವಿಷಯ ಆಮೇಲೆ ಹೇಳುತ್ತೇನೆ. ಸದ್ಯಕ್ಕೆ ಇಷ್ಟು ತಿಳಿದರೆ ಸಾಕು, ನಾಲ್ಕು ಕರಪತ್ರಗಳಲ್ಲಿ ಮಗಳು ಆರಿಸಿದ್ದು ಮೀನನ್ನು.

ಆರಿಸಿದಳೆಂದು ಹಾಗೇ ಕಳಿಸಿಬಿಡಲಾಗುತ್ತದೆಯೇ? ಒಂದು ಭಾನುವಾರ ಅಂಗಡಿ ಮುಚ್ಚಿ, ಮೂವರೂ ನ್ಯಾಮತಿಗೆ ಹೋಗಿ, ಅಲ್ಲಿಂದ ಸವಳಂಗದ ಬಸ್ಸು ಹಿಡಿದು ಜಾಗ ನೋಡಲು ಹೋದೆವು. ತಲೆಗೆ ಟೋಪಿ ಹಾಕಿಕೊಂಡ ಲತಾ ಮೇಡಂ ಎನ್ನುವವರು ಶಿಬಿರ ನಡೆಸುವವರು. ನಮ್ಮನ್ನು ಮರ ಮರಕ್ಕೂ ಕರೆದೊಯ್ದು ಹೆಸರು ಹೇಳಿದರು. ನಮ್ಮವರು ಶ್ರದ್ಧೆಯಿಂದ ತಲೆಯಾಡಿಸಿದರು. ನಾನು ನೋಡುತ್ತಿದ್ದದ್ದು ಬಾವಿಗೆ ಕಟ್ಟೆ ಇದೆಯೋ, ಬಚ್ಚಲಿಗೆ ಚಿಲಕ ಇದೆಯೋ, ಹೆಣ್ಣುಮಕ್ಕಳ ಕೋಣೆಯಲ್ಲಿ ಯಾರು ಮಲಗುತ್ತಾರೆ ಅನ್ನುವುದನ್ನು. ಎಲ್ಲಾ ಸರಿಯಾಗಿಯೇ ಇತ್ತು. ಆದರೂ ಮನಸ್ಸು ಒಪ್ಪಲಿಲ್ಲ. ಕೊನೆಗೆ "ಅಡುಗೆಮನೆ ತೋರ್ಸ್ತೀರಾ ಮೇಡಂ?" ಎಂದೆ.

ಪಾತ್ರೆ ನೋಡಿ ಮನೆಯ ಹದ ಹೇಳುವುದು ನನ್ನ ಹಳೆಯ ಚಾಳಿ. ಬೀಗರ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಹೋಗುವುದು ಸ್ಟ್ಯಾಂಡಿನ ಕಡೆಗೆ. ಅಲ್ಲಿದ್ದ ಅನ್ನದ ಕೊಳಗವನ್ನು ಬೆರಳ ಗೆಣ್ಣಿನಿಂದ ತಟ್ಟಿದೆ. ದಪ್ಪ ತಳದ ಗಟ್ಟಿ ದನಿ. ಸೌಟುಗಳ ಹಿಡಿ ಸಡಿಲವಾಗಿರಲಿಲ್ಲ. ಸಾರಿನ ಪಾತ್ರೆಯ ಕಿವಿಯ ಸಂದಿಯಲ್ಲಿ ಬೆರಳಾಡಿಸಿದೆ, ಜಿಡ್ಡು ಹತ್ತಲಿಲ್ಲ. ಪಾತ್ರೆಯ ಕಿವಿ ತೊಳೆಯುವವರು ಮಕ್ಕಳ ಕಿವಿಯನ್ನೂ ತೊಳೆಸಿಯಾರು ಎಂದು ಸಮಾಧಾನವಾಯಿತು. "ಇಲ್ಲಿಗೇ ಕಳ್ಸಾನ ರೀ" ಎಂದೆ. ಮರಗಳ ಹೆಸರನ್ನೆಲ್ಲ ಕಷ್ಟಪಟ್ಟು ಹೇಳಿದ ಲತಾ ಮೇಡಂ, ಈ ತಾಯಿ ಕೊಳಗ ತಟ್ಟಿ ಒಪ್ಪಿಕೊಂಡಳಲ್ಲ ಎಂದು ನನ್ನನ್ನೇ ನೋಡಿದರು.

ಮುಂದಿನ ವಾರವೆಲ್ಲ ತಯಾರಿ. ಅಂಗಡಿಯ ಪಕ್ಕದಲ್ಲಿ ಬ್ಯಾಗು, ಚಪ್ಪಲಿ ರಿಪೇರಿ ಮಾಡುವ ಖಾದರ್ ಸಾಬರು ಸಿಂಚನಾಳ ಬ್ಯಾಗಿಗೆ ಹೊಸ ಜಿಪ್ ಹಾಕಿಕೊಟ್ಟರು. ನಾನು ಎರಡು ಸ್ವೆಟರ್, ಒಂದು ಡಬ್ಬಿ ಚಕ್ಕುಲಿ, ಒಂದು ಡಬ್ಬಿ ಶೇಂಗಾ ಹೋಳಿಗೆ, ಅಮೃತಾಂಜನ, ಎರಡನೆಯ ಅಮೃತಾಂಜನ ಇವನ್ನೆಲ್ಲ ತುರುಕುವುದನ್ನು ನೋಡಿ, "ಅಕ್ಕಾರೆ, ಮೇ ತಿಂಗಳಾಗೆ ಸ್ವೆಟರ್ ಯಾಕ್ರಿ? ಮಗು ಹೊಂಟೈತೆ, ನೀವೇ ಇನ್ನೂ ಹೊಂಟಿಲ್ಲ ನೋಡ್ರಿ" ಎಂದರು. ಬ್ಯಾಗಿನ ಮೇಲೂ ಹೆಸರು ಬರೆಯಲೇ ಎಂದು ಕೇಳಿದರು. "ಬ್ಯಾಡ ಸಾಬ್ರೆ, ತಟ್ಟೆ ಮ್ಯಾಲೆ ನಾನೇ ಹಾಕ್ತೀನಿ" ಎಂದೆ ಗತ್ತಿನಿಂದ.

ಆ ತಟ್ಟೆಯನ್ನು ನಾನು ಅಂಗಡಿಯ ತಟ್ಟೆಗಳಲ್ಲೇ ಆರಿಸಿ ತೆಗೆದಿಟ್ಟಿದ್ದೆ. ಒಳ್ಳೆಯ ದಪ್ಪ, ಏರಿದ ಅಂಚು, ಕನ್ನಡಿಯಂಥ ಹೊಳಪು. ನನ್ನ ಮಗಳು ಯಾವ ರುದ್ರಪ್ಪನೂ ಆಗಬಾರದು, ಅವಳ ಹೆಸರು ಅವಳ ತಟ್ಟೆಯ ಮೇಲೆ ಅಂದವಾಗಿ ಕೂತಿರಬೇಕು ಎಂದು ಹಟ. ಹೊರಡುವ ಹಿಂದಿನ ದಿನ ಒಂದು ಮದುವೆಗೆ ನಲವತ್ತು ಡಬ್ಬಿಗಳ ಆರ್ಡರ್ ಬಂದಿತ್ತು. ಅವುಗಳ ನಡುವೆಯೇ ಬಿಡುವು ಮಾಡಿಕೊಂಡು ತಟ್ಟೆಯನ್ನೂ ಲೋಟವನ್ನೂ ತೊಡೆಯ ಮೇಲಿಟ್ಟು ಬರೆದು, ಬಟ್ಟೆಯಿಂದ ಒರೆಸಿ, ಪೇಪರ್ ಸುತ್ತಿ ಬ್ಯಾಗಿನ ತಳದಲ್ಲಿ ಇಟ್ಟೆ. ಉಳಿದ ಡಬ್ಬಿಗಳಿಗೆ ಹೆಸರು ಹಾಕುವಾಗಲೆಲ್ಲ ಮನಸ್ಸು ಹಗುರವಾಗಿತ್ತು.

ಬಿಟ್ಟು ಬರುವಾಗ ಸಿಂಚನ ಅಳಲಿಲ್ಲ. ನನ್ನ ಸೆರಗಿನ ತುದಿಯನ್ನು ಒಮ್ಮೆ ಮುಟ್ಟಿ ಬಿಟ್ಟಳು, ಅಷ್ಟೇ. ಮನೆಗೆ ಬಂದು ಎರಡು ದಿನ ನನಗೆ ಊಟ ಸೇರಲಿಲ್ಲ. ನಮ್ಮವರು ಬಾಯಲ್ಲಿ ಏನೂ ಹೇಳದಿದ್ದರೂ ಗೋಡೆಯ ಕ್ಯಾಲೆಂಡರ್ ಮುಂದೆ ಆಗಾಗ ಹೋಗಿ ನಿಲ್ಲುತ್ತಿದ್ದರು. ಶಿಬಿರದಲ್ಲಿ ಮಕ್ಕಳ ಹತ್ತಿರ ಫೋನ್ ಇರುವಂತಿಲ್ಲ. ಮೂರನೆಯ ದಿನ ಸಂಜೆ ಐದಕ್ಕೆ ಲತಾ ಮೇಡಂ ಫೋನಿನಿಂದ ಮನೆಗೆ ಒಂದು ಸಲ ಮಾತಾಡಬಹುದೆಂದು ಮೊದಲೇ ಹೇಳಿದ್ದರು. ಅಂದು ನಾಲ್ಕೂವರೆಯಿಂದ ಫೋನನ್ನು ಮುಂದಿಟ್ಟುಕೊಂಡು ಕೂತಿದ್ದೆ. ಒಬ್ಬ ಗಿರಾಕಿ ಇಡ್ಲಿ ಪಾತ್ರೆ ಕೇಳಿದರೆ ಕುಕ್ಕರ್ ತೋರಿಸಿದೆನಂತೆ.

ಫೋನ್ ಬಂತು.

"ಅಮ್ಮಾ…" ಅಂದಳು. ಆ ಒಂದು ಮಾತಿನಲ್ಲೇ ನನಗೆ ಎಲ್ಲಾ ತಿಳಿಯಿತು. "ನಂಗೆ ಇಲ್ಲಿ ಆಗಲ್ಲಮ್ಮ. ಬಂದು ಕರ್ಕೊಂಡು ಹೋಗು."

"ಯಾಕೆ ಪುಟ್ಟಾ, ಊಟ ಸೇರ್ತಿಲ್ವಾ?"

"ಊಟ ಚೆನ್ನಾಗೈತೆ. ಎಲ್ಲಾರೂ ನನ್ನ ಗಿರಿಜಾ ಗಿರಿಜಾ ಅಂತ ಕರೀತಾರೆ."

"ನಿನ್ನನ್ನ್ಯಾಕೆ ಗಿರಿಜಾ ಅಂತಾರೆ?"

"ತಟ್ಟೆ ಮೇಲೆ, ಲೋಟದ ಮೇಲೆ ನೀನು ನಿನ್ನ ಹೆಸರು ಹಾಕೀಯಲ್ಲ! ಗಿರಿಜಾ, ಹೊನ್ನಾಳಿ ಅಂತ."

ಆ ದಿನ ತಟ್ಟೆಗೆ ಬರೆಯುವಾಗ ನನ್ನ ಮುಂದೆ ಚೀಟಿ ಇರಲಿಲ್ಲ. ಇಪ್ಪತ್ತು ವರ್ಷ ಕೊಡುವವರ ಹೆಸರನ್ನೇ ಬರೆದ ಕೈ, ಇದನ್ನು ಕೊಡುವವಳು ಯಾರು ಎಂದು ತಾನೇ ಯೋಚಿಸಿ, ಊರಿನ ಹೆಸರು ಸಮೇತ ಬರೆದುಬಿಟ್ಟಿತ್ತು. ನಾನು ಅದನ್ನು ಒರೆಸಿ ಹೊಳಪು ಬೇರೆ ಕೊಟ್ಟಿದ್ದೆ.

"ನನ್ನ ಹೆಸರು ಇದಲ್ಲ ಅಂತ ಹೇಳ್ಬೇಕಿತ್ತಲ್ಲೇ" ಎಂದೆ. ಆ ಕಡೆ ಅವಳು ಮೂಗು ಎಳೆಯತೊಡಗಿದಳು. ಯಾರಿಗೆ ಯಾರು ಹೇಳುತ್ತಿದ್ದಾರೆ! ರುದ್ರಪ್ಪನಾಗಿ ಎದ್ದು ನಿಂತು ಬಾಯಿ ಬಿಡಲಾಗದವಳು ನಾನು.

ನಮ್ಮವರು ಆಗಲೇ ಗಾಡಿಯ ಕೀ ಹಿಡಿದು ಮೆಟ್ಟಿಲಿಳಿದಿದ್ದರು. ಬರ್ತೀವಿ ಅಂತ ಹೇಳು ಎಂದು ಕೈಸನ್ನೆ ಮಾಡುತ್ತಿದ್ದರು. ಬಾಯಿಯ ತುದಿಗೆ ಅದೇ ಮಾತು ಬಂದಿತ್ತು. ಅಷ್ಟರಲ್ಲಿ ಸಿಂಚನ ಕೇಳಿದಳು:

"ನೀನು ಹೆಂಗಮ್ಮ ಎಂಟು ದಿನ ಇದ್ದೆ? ನಿಂಗೆ ಅಳು ಬರ್ಲಿಲ್ವಾ?"

ಇಲ್ಲಿಯವರೆಗೆ ನಿಮಗೂ ಹೇಳದೆ ಮುಚ್ಚಿಟ್ಟದ್ದನ್ನು ಈಗ ಹೇಳಬೇಕು. ನಾನು ಎಂಟು ದಿನ ಇರಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅಪ್ಪ ಬಂದರು. ಅವ್ವ ಅನ್ನ ಬಿಟ್ಟಿದ್ದಾಳೆ, ಸುಮ್ಮನೆ ನೋಡಿಕೊಂಡು ಹೋಗೋಣವೆಂದು ಬಂದೆ ಎಂದರು. ಕೈಯಲ್ಲಿ ಪೇಪರಿನ ಪೊಟ್ಟಣದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಇತ್ತು. ನಾನು ಅವರ ಪಂಚೆ ಹಿಡಿದುಕೊಂಡೆ. ಅಪ್ಪ ಬಗ್ಗಿ, "ಬರ್ತೀಯೇನವ್ವ?" ಎಂದು ಕೇಳಿದರು. ಅಷ್ಟೇ ಕೇಳಿದ್ದು. ಆ ಪ್ರಶ್ನೆಯಲ್ಲಿ ಪ್ರೀತಿ ಬಿಟ್ಟರೆ ಇನ್ನೇನೂ ಇರಲಿಲ್ಲ, ಅಪ್ಪನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ಆದರೆ ಅವರು ಕೇಳದೆ ಇದ್ದಿದ್ದರೆ ನಾನು ಉಳಿಯುತ್ತಿದ್ದೆನೇನೋ ಎಂದು ಈಗಲೂ ಒಮ್ಮೊಮ್ಮೆ ಅನ್ನಿಸುತ್ತದೆ. ಚೀಲ ಎತ್ತಿಕೊಂಡು, ಗಂಗಮ್ಮ ಟೀಚರ್ ಮುಖ ನೋಡದೆ ಬಸ್ಸು ಹತ್ತಿದೆ. ತೆಪ್ಪ, ನೀರಿನ ಮಾತು, ಮೀನು ಎಲ್ಲವನ್ನೂ ನಾಗರತ್ನ ವಾಪಸು ಬಂದ ಮೇಲೆ ಹೇಳಿದಳು. ಅವಳು ಮದುವೆಯಾಗಿ ದೂರ ಹೋದ ಮೇಲೆ ಆ ಕಥೆಗೆ ಹಕ್ಕುದಾರರು ಯಾರೂ ಇಲ್ಲವೆಂದು ನಾನು ನನ್ನದೇ ಮಾಡಿಕೊಂಡೆ.

ಅದನ್ನೇ ಫೋನಿನಲ್ಲಿ ಹೇಳಿದೆ. "ನಾನು ಇರ್ಲಿಲ್ಲ ಪುಟ್ಟಾ. ಮೂರ್ನೇ ದಿನಕ್ಕೇ ಅಜ್ಜನ ಜೊತೆ ಓಡಿ ಬಂದೆ. ನನ್ನೂ ಬೇರೆ ಹೆಸರಿಂದ ಕರೀತಿದ್ರು."

ಆ ಕಡೆ ಮೂಗಿನ ಸದ್ದು ನಿಂತಿತು.

"ಹಂಗಾದ್ರೆ ಮೀನು?"

"ಅದು ನಾಗರತ್ನನ ಮೀನು."

"ಸುಳ್ಳು ಹೇಳಿದ್ಯಾ?"

"ಮೀನು ಸುಳ್ಳಲ್ಲ ಕಣೆ. ಕೈ ನಂದಲ್ಲ, ಅಷ್ಟೇ."

ಫೋನಿನಲ್ಲಿ ಅವಳ ಹಿಂದೆ ಎಲ್ಲೋ ಮಕ್ಕಳು ಕೂಗಾಡುತ್ತಿದ್ದರು. ನನ್ನ ಮೇಲಿನ ನಂಬಿಕೆ ಇವತ್ತಿಗೆ ಮುಗಿಯಿತು ಎಂದು ಹೆದರಿದೆ. ಆಮೇಲೆ ಅವಳು ಸಣ್ಣಗೆ, "ಬಂದ ಮೇಲೆ ಬೇಜಾರಾಯ್ತಾ ನಿಂಗೆ?" ಎಂದಳು.

"ಆಯ್ತು. ಇನ್ನೂ ಐತೆ."

"ಸರಿ. ಟೆಂಟ್ ಕಟ್ಟಾಕೆ ಕರೀತಿದಾರೆ. ಇಡ್ತೀನಿ."

ಬಾ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನಮ್ಮವರು ಗಾಡಿಯ ಮೇಲೆ ಕೂತು, "ಹೋಗಾನಾ?" ಎಂದರು. ಆ ಹೊತ್ತಿಗೆ ಹೋಗೋಣ ಎನ್ನದೆ ಇರುವುದು ನನಗೆ ಎಷ್ಟು ಕಷ್ಟವಾಯಿತೆಂದು ಹೇಳಲಾರೆ. "ಮೇಡಂಗೆ ಹೇಳಿ ಇನ್ನೊಂದು ಸಲ ಕರೀಲಿ, ಹೋಗಾನ" ಎಂದೆ. ಕರೆಯಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ನಾನೇ ತಡೆಯಲಾರದೆ ಲತಾ ಮೇಡಂಗೆ ಫೋನ್ ಮಾಡಿ ತಟ್ಟೆಯ ಕಥೆಯನ್ನೆಲ್ಲ ಹೇಳಿ, ಮಗುವಿನ ನಿಜವಾದ ಹೆಸರು ಹೀಗೆ ಎಂದೆ. ಅವರು ನಕ್ಕು, "ಫಾರಂನಾಗೆ ನೋಡ್ದೆ ರೀ, ಗೊತ್ತೈತೆ. ಬೇರೆ ಮಕ್ಕಳು ಕರೀತಾರೆ. ಅವಳೇ ಹೇಳ್ಲಿ ಅಂತ ಕಾಯ್ತಾ ಇದೀನಿ" ಎಂದರು. ಕೊಳಗ ತಟ್ಟಿ ನಾನು ಆರಿಸಿದ್ದು ಸರಿಯಾದ ಜಾಗವನ್ನೇ ಎಂದು ಮತ್ತೆ ಅನ್ನಿಸಿತು.

ಎಂಟನೆಯ ದಿನ ತಂದೆತಾಯಂದಿರಿಗೆಲ್ಲ ಕರೆ. ಬೆಳಿಗ್ಗೆಯೇ ಕೆರೆಗೆ ಹೋಗಿ ಬಂದಿದ್ದ ಮಕ್ಕಳು ಕೆಂಪುಮಣ್ಣಿನ ಕಾಲುಗಳಲ್ಲಿ ಮಾವಿನ ಮರದ ಕೆಳಗೆ ಸಾಲಾಗಿ ಕೂತಿದ್ದರು. ಒಬ್ಬೊಬ್ಬರೂ ಎದ್ದು ಬಂದು ಹೆಸರು ಹೇಳಿ ಎರಡು ಮಾತಾಡಬೇಕು. ಒಬ್ಬ ಹುಡುಗ ಹನ್ನೊಂದು ಹಕ್ಕಿಗಳ ಹೆಸರು ಹೇಳಿದ. ಇನ್ನೊಬ್ಬಳು ತಾನು ಮಾಡಿದ ಸಾರಿಗೆ ಉಪ್ಪೇ ಹಾಕಿರಲಿಲ್ಲವೆಂದು ಒಪ್ಪಿಕೊಂಡಳು. ಲತಾ ಮೇಡಂ ಸಿಂಚನಾಳ ಕಡೆ ನೋಡಿ, ಹೆಸರು ಕರೆಯದೆ ಕೈ ತೋರಿಸಿದರು. ಮಕ್ಕಳು "ಗಿರಿಜಾ! ಗಿರಿಜಾ!" ಎಂದು ಚಪ್ಪಾಳೆ ತಟ್ಟಿದರು. ನನ್ನ ಹೆಸರಿಗೆ ಅಷ್ಟು ಚಪ್ಪಾಳೆ ಬಿದ್ದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ಎದ್ದು ಬಂದಳು. ಕೈಯಲ್ಲಿ ತಟ್ಟೆ. ಅಭ್ಯಾಸ ಬಲದಿಂದ ನನ್ನ ಮುಖ ನೋಡಿದಳು. ನನ್ನ ತುಟಿ ತಾನಾಗಿ "ಸಿಂ…" ಎಂದು ಅಲುಗಿತು. ಸೆರಗನ್ನು ಬಾಯಿಗೆ ಒತ್ತಿಕೊಂಡೆ.

"ನನ್ನ ಹೆಸರು ಸಿಂಚನ" ಎಂದಳು. ದನಿ ನಡುಗಿತು, ಆದರೆ ಹೊರಗೆ ಬಂತು. "ಗಿರಿಜಾ ಅಂದ್ರೆ ನಮ್ಮಮ್ಮ. ಅಲ್ಲಿ ಕೂತಿದಾರೆ ನೋಡ್ರಿ. ಈ ತಟ್ಟೆ ಮೇಲೆ ಮರೆತು ಅವ್ರ ಹೆಸರು ಹಾಕಿದಾರೆ. ನಮ್ಮಮ್ಮ ಸಣ್ಣೋರಿದ್ದಾಗ ಶಿಬಿರಕ್ಕೆ ಹೋಗಿ ಮೂರೇ ದಿನಕ್ಕೆ ಓಡಿ ಬಂದಿದ್ರು." ಜನ ನಗತೊಡಗಿದರು. ಅವಳು ನಗು ನಿಲ್ಲುವವರೆಗೆ ಕಾದು, ತಟ್ಟೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದಳು. "ಈ ಸಲ ಎಂಟೂ ದಿನ ಇದ್ರು."

ನಮ್ಮವರು ನನಗಿಂತ ಮುಂಚೆ ಕಣ್ಣೊರೆಸಿಕೊಂಡರು. ಆಮೇಲೆ ಅದು ಧೂಳು ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಮೀನಿನ ವಿಷಯ ಕೇಳಿದೆ. ಒಂದೂವರೆ ತಾಸು ನೀರಿನಲ್ಲಿ ಕೈ ಇಟ್ಟು ಕೂತರೂ ಒಂದೂ ಬರಲಿಲ್ಲವಂತೆ. ಒಂದು ಏಡಿ ಮಾತ್ರ ಬಂದು ಕಿರುಬೆರಳು ಕಚ್ಚಿತಂತೆ. ಕೆಂಪಗಾದ ಬೆರಳು ತೋರಿಸಿ, "ಇದು ನಂದೇ ಏಡಿ" ಎಂದಳು. ಅವಳ ಬಾಯಿ ನ್ಯಾಮತಿಯಿಂದ ಹೊನ್ನಾಳಿಯವರೆಗೆ ನಿಲ್ಲಲಿಲ್ಲ. ಪಕ್ಕದ ಸೀಟಿನ ಅಜ್ಜಿಗೂ ಏಡಿಯ ಕಥೆ ಹೇಳಿದಳು.

ಆ ತಟ್ಟೆಯ ಮೇಲಿನ ಹೆಸರನ್ನು ಉಜ್ಜಿ ತೆಗೆಯಲೇ, ಕೆಳಗೆ ನಿನ್ನದನ್ನೂ ಹಾಕಲೇ ಎಂದು ಕೇಳಿದ್ದಕ್ಕೆ ಎರಡೂ ಬೇಡ ಎಂದಳು. ಈಗ ಅದರಲ್ಲಿ ನಾನು ಉಣ್ಣುತ್ತೇನೆ. ನಮ್ಮ ಕಡೆ ತಮ್ಮದೇ ಹೆಸರಿನ ತಟ್ಟೆಯಲ್ಲಿ ಉಣ್ಣುವವರು ಯಾರಾದರೂ ಇದ್ದರೆ ಅದು ನಾನೊಬ್ಬಳೇ ಇರಬೇಕು.

ಮೊನ್ನೆ ಅಂಗಡಿಗೆ ಒಬ್ಬ ಅಜ್ಜ ಹಾಲಿನ ಕ್ಯಾನ್ ಕೊಳ್ಳಲು ಬಂದಿದ್ದರು. ಕೊಳಗಗಳ ಪಕ್ಕ ಹೋಂವರ್ಕ್ ಮಾಡುತ್ತಿದ್ದ ಮಗಳನ್ನು ನೋಡಿ, "ಏನವ್ವ ನಿನ್ನ ಹೆಸರು?" ಎಂದರು. ನಾನು ಬಾಯಿ ತೆರೆದೆ.

"ಸಿಂಚನ ಅಂತ ಅಜ್ಜಾ" ಎಂದಳು ಅವಳು, ಪುಸ್ತಕದಿಂದ ತಲೆ ಎತ್ತಿ.

ತೆರೆದ ಬಾಯಿಯನ್ನು ಸುಮ್ಮನೆ ಮುಚ್ಚುವುದು ಹೇಗೆಂದು ತಿಳಿಯದೆ, "ಎಷ್ಟು ಲೀಟರಿಂದು ಬೇಕ್ರಿ ಅಜ್ಜಾರೆ?" ಎಂದು ಕೇಳಿದೆ.